ರೀಲ್ಸ್ ಅಲ್ಲ, ರೀಲು: 36 ಫ್ರೇಮಿನ ಮದುವೆ

1/4

ಮನೆಯಲ್ಲಿ ಅಪ್ಪ-ಅಮ್ಮನ ಮದುವೆ ಆಲ್ಬಂ ಇದ್ದರೆ ಒಂದ್ಸಲ ತೆಗೆದು ಧಾರೆ ಎರೆಯೋ ಫೋಟೋ ಹುಡುಕಿ. ಗಂಡು-ಹೆಣ್ಣು ಬೆಳ್ಳಗೆ ಹೊಳೀತಿರ್ತಾರೆ. ಹಿಂದೆ ನಿಂತವರ ಮುಖ ಮಸುಕು. ಅದರ ಹಿಂದೆ ಕುರ್ಚಿ ಸಾಲು ಇರಬೇಕಾದ ಕಡೆ ಬರೀ ಕತ್ತಲು. ಛತ್ರದಲ್ಲಿ ಕರೆಂಟ್ ಹೋಗಿತ್ತಾ? ಇಲ್ಲ. ಆ ಫಿಲಂಗೆ ಅಷ್ಟು ದೂರ ಕಣ್ಣು ಕಾಣ್ತಿರಲಿಲ್ಲ.

ಇದು ನನ್ನ ತಲೆಗೆ ಹತ್ತಿದ್ದು ಒಂದು ಮದುವೆಯಿಂದ. ಸಾರಕ್ಕಿಯಲ್ಲಿ ನಮ್ಮ ಜೊತೆ ಗಲ್ಲಿ ಕ್ರಿಕೆಟ್ ಆಡಿದ ಫ್ರೆಂಡ್, ವಯಸ್ಸಲ್ಲಿ ನನಗಿಂತ ಆರು ವರ್ಷ ದೊಡ್ಡವನು, ಬರೋ ತಿಂಗಳು ಕನಕಪುರ ರಸ್ತೆಯ ಛತ್ರದಲ್ಲಿ ಮದುವೆ ಆಗ್ತಿದ್ದಾನೆ. ಡಿಜಿಟಲ್ ಟೀಮ್ ಇದೆ, ಡ್ರೋನ್ ಕೂಡ ಇದೆ. ಆದ್ರೂ "ನೀನು ರೀಲು ಹಾಕ್ಕೊಂಡು ಬಾ ಮಗಾ" ಅಂದ. ಅವನ ಅಜ್ಜಿಗೆ ಮೊಬೈಲಲ್ಲಿ ಬೆರಳಾಡಿಸಿ ಫೋಟೋ ನೋಡೋಕೆ ಆಗಲ್ಲ, ಕೈಯಲ್ಲಿ ಹಿಡಿಯೋ ಫೋಟೋನೇ ಬೇಕು. ನಮ್ಮ ಬಜೆಟ್ಟಿಗೆ ಬರೋದು ಮೂರು ರೋಲ್. ಅಂದ್ರೆ 108 ಫ್ರೇಮ್. ಯಾವ ಫಿಲಂ ತಗೋಬೇಕು, ಆ 108ನ್ನ ಯಾರಿಗೆಲ್ಲ ಖರ್ಚು ಮಾಡಬೇಕು ಅಂತ ಲೆಕ್ಕ ಹಾಕೋಕೆ ಹೋಗಿ ಹಳೇ ಕಥೆಯೊಳಗೆ ಇಳಿದೆ. ಬಿ.ಕಾಂ. ಬುದ್ಧಿ, ಏನ್ ಮಾಡೋದು.

2/4

ನಮ್ಮ ಮುತ್ತಜ್ಜಿ ಕಾಲದಲ್ಲಿ ಕ್ಯಾಮೆರಾ ಮದುವೆಗೆ ಬರ್ತಿದ್ದದ್ದು ಅಪರೂಪ, ಮದುವೆ ಆದವರೇ ಕ್ಯಾಮೆರಾ ಹತ್ರ ಹೋಗ್ತಿದ್ರು. ಅನುಕೂಲ ಇದ್ದವರು ಎಂ.ಜಿ. ರೋಡಿನ ಜಿ.ಕೆ. ವೇಲ್, ಜಿ.ಜಿ. ವೆಲ್ಲಿಂಗ್ ಥರದ ಸ್ಟುಡಿಯೋಗೆ, ಉಳಿದವರು ಪೇಟೆಯ ಸಣ್ಣ ಸ್ಟುಡಿಯೋಗೆ. ಇಡೀ ಮದುವೆಗೆ ಒಂದೇ ಫೋಟೋ. ಯಾರೂ ನಗ್ತಿರಲ್ಲ.

ಆಮೇಲೆ ಬಂದದ್ದು 120 ರೋಲ್. ಚೌಕದ ಫೋಟೋ, ಒಂದು ರೋಲಿಗೆ 12. ಭಾರತದಲ್ಲೇ ತಯಾರಾಗ್ತಿದ್ದ ಆಗ್ಫಾ ಕ್ಲಿಕ್ III ಡಬ್ಬಿ ಕ್ಯಾಮೆರಾದಲ್ಲೂ ಅದೇ ರೋಲು, ಸ್ಟುಡಿಯೋದವರು ಎದೆ ಹತ್ರ ಹಿಡಿದು ಮೇಲಿಂದ ಬಗ್ಗಿ ನೋಡ್ತಿದ್ದ ಯಾಶಿಕಾದಲ್ಲೂ ಅದೇ. ಹನ್ನೆರಡರಲ್ಲಿ ಏನೇನು ಹಿಡೀಬಹುದು? ಕಾಶಿಯಾತ್ರೆ, ಜೀರಿಗೆ-ಬೆಲ್ಲ, ಧಾರೆ, ಮಾಂಗಲ್ಯ, ಸಪ್ತಪದಿ, ಎರಡೂ ಕಡೆಯ ಗ್ರೂಪ್ ಫೋಟೋ. ಮುಗೀತು, ರೋಲು ಖಾಲಿ.

ರೋಲಿಗೆ ಅಷ್ಟು ಬೆಲೆ ಇದ್ದದ್ದಕ್ಕೆ ಕಾರಣ ನಮ್ಮ ಸಿಲಬಸ್ಸಲ್ಲೇ ಇದೆ: ಆಮದು ಲೈಸೆನ್ಸ್. ವಿದೇಶಿ ವಿನಿಮಯ ಉಳಿಸಬೇಕಿದ್ದ ದೇಶಕ್ಕೆ ಫೋಟೋ ಫಿಲಂ ಐಷಾರಾಮದ ಲೆಕ್ಕ. ಅದಕ್ಕೇ 1960ರಲ್ಲಿ ಕೇಂದ್ರ ಸರ್ಕಾರ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲಮ್ಸ್ ಅಂತ ಕಂಪನಿ ಕಟ್ಟಿತು. 1967ರಲ್ಲಿ ಉತ್ಪಾದನೆ ಶುರು. ಫಿಲಂ ಕಾರ್ಖಾನೆಗೆ ಧೂಳು, ಸೆಕೆ ಎರಡೂ ಶತ್ರು, ಊಟಿ ಚಳಿ ಅದಕ್ಕೆ ಸರಿಹೋಯ್ತು. ಬ್ರ್ಯಾಂಡ್ ಹೆಸರು 'ಇಂದು'. ಇಂದು ಅಂದ್ರೆ ಚಂದ್ರ. ಕನ್ನಡದಲ್ಲಿ ಇವತ್ತು ಅಂತಲೂ ಆಗುತ್ತೆ. ಫಿಲಂ ಒಂದಕ್ಕೆ ಇದಕ್ಕಿಂತ ಒಳ್ಳೇ ಹೆಸರು ನನಗಂತೂ ಹೊಳೀತಿಲ್ಲ. ಇನ್ನೊಂದು ದಾರಿ ಪೂರ್ವ ಜರ್ಮನಿಯ ಓರ್ವೋ: ಆ ದೇಶದ ಜೊತೆ ವ್ಯಾಪಾರ ರೂಪಾಯಿಯಲ್ಲೇ ನಡೀತಿತ್ತು, ಡಾಲರ್ ಬೇಕಿರಲಿಲ್ಲ.

ಊಟಿ ಕಾರ್ಖಾನೆಯನ್ನ ಡಿಜಿಟಲ್ ಕೊಂದಿತು ಅಂತ ಎಲ್ಲರೂ ಹೇಳ್ತಾರೆ. ನಾನು ಒಪ್ಪಲ್ಲ. 1991ರ ಉದಾರೀಕರಣ ಆದಮೇಲೆ ವಿದೇಶಿ ಫಿಲಂ ಸಲೀಸಾಗಿ ಬಂತು, ಜನ ಅಷ್ಟರಲ್ಲಾಗಲೇ ಕಲರ್ ಕಡೆ ವಾಲಿದ್ರು, 'ಇಂದು' ಹೆಸರು ಮಾಡಿದ್ದು ಕಪ್ಪು-ಬಿಳುಪಿನಲ್ಲಿ. 1990ರ ದಶಕದಲ್ಲೇ ಅದು ರೋಗಗ್ರಸ್ತ ಉದ್ಯಮಗಳ ಪಟ್ಟಿ ಸೇರಿತ್ತು. ಆಗ ನಮ್ಮ ಛತ್ರಗಳಲ್ಲಿ ಡಿಜಿಟಲ್ ಕ್ಯಾಮೆರಾ ಎಲ್ಲಿತ್ತು?

(ಒಂದು ಕಿಡಿಗೇಡಿ ಸಂಗತಿ: ಫಿಲಂ ಮೇಲೆ ಬೆಳ್ಳಿಯ ಕಣಗಳನ್ನ ಹಿಡಿದಿಡೋದು ಜೆಲಾಟಿನ್. ಅದನ್ನ ಮಾಡೋದು ದನದ ಮೂಳೆ, ಚರ್ಮದಿಂದ. ಎಷ್ಟೋ ಮಡಿ ಮದುವೆಗಳು ಅದರ ಮೇಲೇ ಉಳಿದಿವೆ. ಪುರೋಹಿತರಿಗೆ ಹೇಳಬೇಡಿ.)

3/4

ಈಗ ಆ ಕತ್ತಲಿಗೆ ಬರೋಣ.

ಕಲರ್ ಬಂದಾಗ ಮದುವೆಯವರು ಹೆಚ್ಚಾಗಿ ಹಾಕ್ತಿದ್ದದ್ದು 100 ಸ್ಪೀಡಿನ 36 ಫ್ರೇಮ್ ರೋಲು. ಸ್ಪೀಡು ಕಡಿಮೆ ಅಂದ್ರೆ ಬೆಳಕು ಜಾಸ್ತಿ ಬೇಕು. ಛತ್ರದ ಟ್ಯೂಬ್‌ಲೈಟು ಸಾಲಲ್ಲ, ಮೇಲಾಗಿ ಅದರ ಬೆಳಕು ಫಿಲಂ ಮೇಲೆ ಹಸಿರಾಗಿ ಬೀಳುತ್ತೆ. ಆದ್ದರಿಂದ ಎಲ್ಲಾ ಫ್ಲಾಶ್ ಮೇಲೆ. ಫ್ಲಾಶಿಗೆ ಗೈಡ್ ನಂಬರ್ ಅಂತ ಇರುತ್ತೆ. ಅದನ್ನ ದೂರದಿಂದ ಭಾಗಿಸಿದ್ರೆ ಇಡಬೇಕಾದ ಅಪರ್ಚರ್ ಸಿಗುತ್ತೆ. ಗೈಡ್ ನಂಬರ್ 32, ಮದುಮಕ್ಕಳು 4 ಮೀಟರ್ ದೂರ, ಅಪರ್ಚರ್ 8. ಮದುಮಕ್ಕಳ ಮುಖ ಸರಿಯಾಗಿ ಬಂತು. ಆದರೆ 8 ಮೀಟರ್ ದೂರದಲ್ಲಿ ಕೂತವರಿಗೆ ತಲುಪೋದು ಅದರ ನಾಲ್ಕನೇ ಒಂದು ಭಾಗ ಬೆಳಕು. 16 ಮೀಟರಲ್ಲಿ ಹದಿನಾರನೇ ಒಂದು ಭಾಗ.

ಅಂದ್ರೆ ಆಲ್ಬಮ್ಮಿನಲ್ಲಿ ಯಾರು ಇರಬೇಕು ಅನ್ನೋದನ್ನ ಸ್ವಲ್ಪ ಮಟ್ಟಿಗೆ ಫ್ಲಾಶೇ ತೀರ್ಮಾನ ಮಾಡ್ತು. ಮುಂದಿನ ಸಾಲಿನ ಮಾವಂದಿರು ಉಳಿದರು. ಹಿಂದೆ ಮಗೂನ ತೊಡೆ ಮೇಲೆ ಮಲಗಿಸ್ಕೊಂಡು ಕೂತ ಚಿಕ್ಕಮ್ಮ ಕತ್ತಲಿಗೆ ಹೋದರು. ಅಡುಗೆ ಭಟ್ಟರು, ಬೆಳಗಿನ ಜಾವ ತರಕಾರಿ ಹೆಚ್ಚಿದವರು, ಎಲೆ ಎತ್ತಿದವರು, ಅವರ ಕಡೆ ಕ್ಯಾಮೆರಾ ತಿರುಗಲೇ ಇಲ್ಲ. 36ರಲ್ಲಿ ಅವರಿಗೊಂದು ಕೊಟ್ಟರೆ ಬೀಗರಿಗೆ ಒಂದು ಕಮ್ಮಿ ಆಗುತ್ತಲ್ಲ. ಇದು ಯಾರದೋ ಕೆಟ್ಟತನ ಅಂತ ನಾನು ಹೇಳ್ತಿಲ್ಲ. ಆದರೆ ಆ ಆಲ್ಬಮ್ಮನ್ನೇ ಇಡೀ ಮದುವೆ ಅಂತ ನಾವು ನಂಬಿಬಿಟ್ಟಿದ್ದೀವಿ.

ನಮ್ಮ ಏರಿಯಾದಲ್ಲಿ ಸ್ಟುಡಿಯೋ ಇಟ್ಟಿದ್ದ ಅಂಕಲ್ ಒಬ್ಬರು ಆ ಕಾಲದ ಕಷ್ಟ ಹೇಳಿದ್ರು. ಗಟ್ಟಿಮೇಳ ಶುರು ಆಗೋ ಮುಂಚೆ ಕೌಂಟರ್ 30 ದಾಟಿದ್ರೆ ಉಳಿದ ಆರು ಫ್ರೇಮಿನ ಆಸೆ ಬಿಟ್ಟು ಹೊಸ ರೋಲ್ ಹಾಕ್ತಿದ್ರಂತೆ, ತಾಳಿ ಹೊತ್ತಲ್ಲಿ ರೀಲು ಮುಗಿದ್ರೆ ಜನ್ಮದಲ್ಲಿ ಆ ಬೀದಿಗೆ ಹೋಗೋ ಹಾಗಿಲ್ಲ. ಫ್ಲಾಶ್ ಚಾರ್ಜ್ ಆಗೋಕೆ ಕೆಲವು ಸೆಕೆಂಡ್ ಬೇಕು, ಅದಕ್ಕೆ "ಹಾಗೇ ಹಿಡ್ಕೊಂಡಿರಿ" ಅಂತ ಮದುಮಗನ ಕೈ ನಿಲ್ಲಿಸ್ತಿದ್ರು. ಪ್ರತಿ ಐದು ನಿಮಿಷಕ್ಕೆ "ನಮ್ದೊಂದು ತೆಗೀರಿ" ಅಂತ ಬರೋ ನೆಂಟರಿಗೆ? ಬರೀ ಫ್ಲಾಶ್ ಹೊಡೀತಿದ್ರು, ರೀಲು ಮುಂದಕ್ಕೆ ಹೋಗ್ತಿರಲಿಲ್ಲ. ನಾವು "ರೀಲು ಬಿಡ್ತಾನೆ" ಅಂತೀವಲ್ಲ, ಇಲ್ಲಿ ರೀಲು ಬಿಡದೇ ಸುಳ್ಳು ಹೇಳೋದು!

4/4

ನನ್ನ ಮೂರು ರೋಲಿನ ತೀರ್ಮಾನ. ಎರಡು ಕಲರ್, 400 ಸ್ಪೀಡಿನದು, ಕೊಡಕ್ ಪೋರ್ಟ್ರಾ. ಸ್ಪೀಡ್ 100ರಿಂದ 400ಕ್ಕೆ ಹೋದ್ರೆ ಅದೇ ಫ್ಲಾಶ್, ಅದೇ ಅಪರ್ಚರಲ್ಲಿ ಬೆಳಕು ಎರಡು ಪಟ್ಟು ದೂರ ಮುಟ್ಟುತ್ತೆ. ಚಿಕ್ಕಮ್ಮ ಕೂತಿರೋ ಸಾಲು ಸಿಗುತ್ತೆ. ಗೋಲ್ಡ್ 200 ಅಗ್ಗ, ಹಗಲಲ್ಲಿ ಚೆಂದ, ಛತ್ರದ ಒಳಗೆ ಬೇಡ. ಕಲರ್ ನೆಗೆಟಿವ್ ಬೆಳಕು ಸ್ವಲ್ಪ ಜಾಸ್ತಿ ಆದ್ರೆ ತಡ್ಕೊಳ್ಳುತ್ತೆ, ಕಮ್ಮಿ ಆದ್ರೆ ನೆರಳೆಲ್ಲ ಕೆಸರಾಗುತ್ತೆ. ಹಾಗಾಗಿ ಒಳಗಡೆ ಮೀಟರನ್ನ 200ಕ್ಕೆ ಇಡ್ತೀನಿ.

ಮೂರನೆಯದು ಕಪ್ಪು-ಬಿಳುಪು, ಇಲ್‌ಫರ್ಡ್ ಎಚ್‌ಪಿ5. ಒಂದು ಕಾರಣ ಆರತಕ್ಷತೆ ಸ್ಟೇಜಿನ ನೇರಳೆ ಎಲ್‌ಇಡಿ, ಅದರಲ್ಲಿ ಯಾವ ಕಲರ್ ಫಿಲಮೂ ಮನುಷ್ಯರ ಚರ್ಮವನ್ನ ಮನುಷ್ಯರ ಚರ್ಮದ ಥರ ತೋರಿಸಲ್ಲ. ದೊಡ್ಡ ಕಾರಣ ಬೇರೆ. ಅಜ್ಜಿಯ ಕಪ್ಪು-ಬಿಳುಪು ಫೋಟೋ ಇವತ್ತಿಗೂ ಗಟ್ಟಿಯಾಗಿದೆ, ಅದರಲ್ಲಿರೋದು ಬೆಳ್ಳಿ. 1980ರ ಆಸುಪಾಸಿನ ಎಷ್ಟೋ ಕಲರ್ ಪ್ರಿಂಟುಗಳು ಮಾತ್ರ ಕೆಂಪಾಗಿವೆ. ಅವು ಬಣ್ಣದ ರಾಸಾಯನಿಕದ ಮೇಲೆ ನಿಂತವು, ಅದರಲ್ಲಿ ನೀಲಿ-ಹಸಿರಿನ ಪದರ ಮೊದಲು ಮಾಸುತ್ತೆ. ಜಾಸ್ತಿ ದಿನ ಬಾಳೋ ರೋಲನ್ನ ಈ ಸಲ ಅಡುಗೆ ಮನೆಗೆ, ಎಲೆ ಎತ್ತೋ ಸಾಲಿಗೆ, ಓಲಗದವರಿಗೆ ಅಂತ ಎತ್ತಿಟ್ಟಿದ್ದೀನಿ. 36ಕ್ಕೆ 36ಊ ಅವರಿಗೇ. ಅವರನ್ನ ಕೇಳಿ, ಒಪ್ಪಿದ್ರೆ ತೆಗೀತೀನಿ. ಫ್ರೆಂಡ್ ಅಮ್ಮ "ಅದ್ಯಾಕೋ?" ಅಂದ್ರು. ಅಜ್ಜಿ ಮಾತ್ರ "ನನ್ನ ಮದುವೇಲಿ ಅಡುಗೆ ಮಾಡಿದ ನಮ್ಮ ಸೋದರತ್ತೆ ಮುಖನೇ ಮರ್ತೋಗಿದೆ ಕಣಪ್ಪ" ಅಂದ್ರು.

ರೋಲು ಜೋಪಾನ ಮಾಡೋದು ಸುಲಭ. ಈಗ ಫ್ರಿಜ್ಜಲ್ಲಿ, ಗಾಳಿ ಹೋಗದ ಕವರ್ ಒಳಗೆ, ದೋಸೆ ಹಿಟ್ಟಿನ ಪಕ್ಕದಲ್ಲಿದೆ. ಮದುವೆ ಹಿಂದಿನ ರಾತ್ರಿ ಆಚೆ ಇಡ್ತೀನಿ, ತಣ್ಣಗಿರೋವಾಗ ಡಬ್ಬಿ ತೆರೆದ್ರೆ ತೇವ ಕೂರುತ್ತೆ. ಸ್ಕೂಟರ್ ಡಿಕ್ಕಿಯಲ್ಲಿ ಬಿಡಬಾರದು, ಬಿಸಿಲಿಗೆ ಅದು ಒಲೆ. ಮೆಟ್ರೋದ ಬ್ಯಾಗ್ ಸ್ಕ್ಯಾನರ್ ಎಕ್ಸ್-ರೇ, ಒಂದು ಸಲಕ್ಕೆ ಏನೂ ಆಗೋದು ಕಷ್ಟ, ಆದ್ರೂ ಕೈಯಲ್ಲಿ ತೋರಿಸಿ ಕೇಳ್ಕೊಳ್ಳಿ. ರೋಲ್ ಹಾಕಿ ಮುಚ್ಚಿದ ಮೇಲೆ ರೀಲು ಎಳೆಯುವಾಗ ಎಡಗಡೆಯ ಸುತ್ತೋ ಗುಬುಟು ತಿರುಗ್ತಿದೆಯಾ ನೋಡಿ. ತಿರುಗದೇ ಇದ್ರೆ ಫಿಲಂ ಹಿಡಿದಿಲ್ಲ, ನೀವೂ ಖಾಲಿ ಫ್ಲಾಶ್ ಗಿರಾಕಿ.

ನಿಮಗೊಂದು ಕೆಲಸ. ಮನೆ ಆಲ್ಬಮ್ಮಿನ ಹಿಂದೆ, ಇಲ್ಲಾ ಬೀರುವಿನ ಸೀರೆ ಕೆಳಗೆ ನೆಗೆಟಿವ್ ಇರೋ ಕವರ್ ಇರುತ್ತೆ. ನುಸಿಗುಳಿಗೆ ಜೊತೆ ಇದ್ದರೆ ಮೊದಲು ಬೇರೆ ಮಾಡಿ, ಅದರ ಆವಿ ಒಳ್ಳೇದಲ್ಲ. ಅಂಚು ಮಾತ್ರ ಹಿಡಿದು ಕಿಟಕಿ ಬೆಳಕಿಗೆ ಎತ್ತಿ. ಅಂಚಿನಲ್ಲಿ ಕಂಪನಿ ಹೆಸರು ಇರುತ್ತೆ: ಕೊಡಕ್, ಫ್ಯೂಜಿ, ಕೊನಿಕಾ, ಓರ್ವೋ. ಯಾರ ಮನೇಲಾದ್ರೂ 'ಇಂದು' ಸಿಕ್ಕಿದ್ರೆ ಕಾಮೆಂಟಲ್ಲಿ ಹೇಳಿ, ನೋಡೋಕೆ ನಾನೇ ಬರ್ತೀನಿ.