ಒಂದೇ ಚಿತ್ರದ ನಿರ್ದೇಶಕ: ಮೊಹಮದ್ ಜಿನೆತ್

ಆಫ್ರಿಕ ಖಂಡದ ಉತ್ತರದ ಅಂಚಿನಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆ ಮುಖಮಾಡಿ ನಿಂತಿರುವ ನಗರ ಅಲ್ಜೀರ್ಸ್. ಬಂದರಿನ ಹಿಂದಿನ ಗುಡ್ಡದ ಮೇಲೆ ಒಂದಕ್ಕೊಂದು ಅಂಟಿಕೊಂಡ ಬಿಳಿಯ ಮನೆಗಳು, ಮೆಟ್ಟಿಲುಗಳೇ ದಾರಿಯಾಗಿರುವ ಇಕ್ಕಟ್ಟಾದ ಓಣಿಗಳು. ಈ ಹಳೆಯ ಪೇಟೆಗೆ ಕಸ್ಬಾ ಎಂದು ಹೆಸರು. ನಟ, ನಿರ್ದೇಶಕ ಮೊಹಮದ್ ಜಿನೆತ್ 1932ರಲ್ಲಿ ಹುಟ್ಟಿದ್ದು ಈ ನಗರದಲ್ಲಿ. ಅವರು ತೀರಿಕೊಂಡದ್ದು 1995ರಲ್ಲಿ, ಪ್ಯಾರಿಸ್ಸಿನ ಹೊರವಲಯದ ಬೋಂದಿ ಎಂಬ ಊರಿನಲ್ಲಿ. ತನ್ನ ನಗರದ ಮೇಲಿನ ಪ್ರೀತಿಯಿಂದ ಒಂದು ಅಪರೂಪದ ಚಿತ್ರವನ್ನು ಮಾಡಿದ ಈ ಕಲಾವಿದ, ಕಡೆಗೆ ಪರದೇಶದಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ಮಾಡಿಕೊಂಡು ಬಾಳಬೇಕಾಗಿ ಬಂದದ್ದು ಹೇಗೆ?

ಫ್ರಾನ್ಸ್ ದೇಶವು 1830ರಲ್ಲಿ ಅಲ್ಜೀರ್ಸ್ ನಗರವನ್ನು ವಶಪಡಿಸಿಕೊಂಡಿತು. 1954ರ ನವೆಂಬರ್ 1ರಂದು ಆರಂಭವಾದ ಸಶಸ್ತ್ರ ಹೋರಾಟ ಏಳು ವರ್ಷಗಳಿಗೂ ಹೆಚ್ಚು ಕಾಲ ನಡೆದು, 1962ರ ಜುಲೈ 5ರಂದು ದೇಶ ಸ್ವತಂತ್ರವಾಯಿತು. ಇಪ್ಪತ್ತರ ಹರೆಯದಲ್ಲೇ ನಾಟಕ ಬರೆದಿದ್ದ ಜಿನೆತ್, ಈ ಹೋರಾಟದ ಸೈನ್ಯಕ್ಕೆ ಸೇರಿ ಗಾಯಗೊಂಡರು. ಮುಂದೆ ಅವರು ಹೋದದ್ದು ನೆರೆಯ ಟ್ಯುನಿಸ್ ನಗರಕ್ಕೆ. ವಿಮೋಚನಾ ರಂಗವು 1958ರಲ್ಲಿ ಅಲ್ಲಿ ಒಂದು ಕಲಾತಂಡವನ್ನು ಕಟ್ಟಿತ್ತು. ಮುಸ್ತಫಾ ಕಾತೆಬ್ ಎಂಬ ರಂಗಕರ್ಮಿ ಅದರ ಮುಖ್ಯಸ್ಥರು. ಈ ತಂಡ ಚೀನಾ, ಸೋವಿಯತ್ ಒಕ್ಕೂಟಗಳವರೆಗೂ ಹೋಗಿ ಹಾಡು, ನಾಟಕಗಳ ಮೂಲಕ ತನ್ನ ಜನರ ಅಳಲನ್ನು ಹೊರಜಗತ್ತಿಗೆ ಮುಟ್ಟಿಸಿತು. ಬಂದೂಕು ಹಿಡಿದವರ ಪಕ್ಕದಲ್ಲಿ ನಟರಿಗೂ ಒಂದು ಜಾಗ ಬೇಕೆಂದು ಯುದ್ಧದ ನಡುವೆಯೇ ಕಂಡುಕೊಂಡ ಆಂದೋಲನ ಅದು. ಸ್ವಾತಂತ್ರ್ಯ ಬಂದಮೇಲೆ ಏನಾಯಿತೆಂಬುದನ್ನು ನೋಡುವಾಗ ವಿದ್ಯಾರ್ಥಿಗಳು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಜಿನೆತ್ ಅವರ ರಂಗಶಿಕ್ಷಣ ಮುಂದುವರಿದದ್ದು ಪೂರ್ವ ಬರ್ಲಿನ್ನಿನಲ್ಲಿ, ಬ್ರೆಕ್ಟ್ ಸ್ಥಾಪಿಸಿದ್ದ ಬರ್ಲಿನರ್ ಎನ್ಸೆಂಬ್ಲ್ ತಂಡದಲ್ಲಿ. ಸ್ವದೇಶಕ್ಕೆ ಮರಳಿದ ಮೇಲೆ ಚಲನಚಿತ್ರದ ಕೆಲಸ ಸಿಕ್ಕಿತು. ಇಟಲಿಯ ಜಿಲ್ಲೊ ಪೊಂಟೆಕೊರ್ವೊ ನಿರ್ದೇಶಿಸಿದ ‘ಬ್ಯಾಟಲ್ ಆಫ್ ಅಲ್ಜೀರ್ಸ್’ ಚಿತ್ರದ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಕಸ್ಬಾದ ಓಣಿಗಳಲ್ಲಿಯೇ, ಬಹುಮಟ್ಟಿಗೆ ಅಲ್ಲಿನ ಸಾಮಾನ್ಯ ಜನರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು ತೆಗೆದ ಆ ಚಿತ್ರಕ್ಕೆ 1966ರಲ್ಲಿ ವೆನಿಸ್ ಚಿತ್ರೋತ್ಸವದ ಸ್ವರ್ಣಸಿಂಹ ಪ್ರಶಸ್ತಿ ದೊರೆಯಿತು. ಅದರ ಸಹಾಯಕ ನಿರ್ದೇಶಕರಲ್ಲಿ ಜಿನೆತ್ ಒಬ್ಬರು.

ಇನ್ನು ಅವರ ಸ್ವಂತ ಚಿತ್ರಕ್ಕೆ ಬರೋಣ. ಅಲ್ಜೀರ್ಸ್ ನಗರಸಭೆಗೆ ಪ್ರವಾಸಿಗರನ್ನು ಸೆಳೆಯುವಂಥ ಒಂದು ಸಾಕ್ಷ್ಯಚಿತ್ರ ಬೇಕಾಗಿತ್ತು. ಆ ಕೆಲಸವನ್ನು ಜಿನೆತ್ ಅವರಿಗೆ ವಹಿಸಲಾಯಿತು. ಅವರು ಮಾಡಿಕೊಟ್ಟದ್ದು ‘ತಹಿಯಾ ಯಾ ದಿದೂ’ (1971) ಎಂಬ ಕಥಾಚಿತ್ರ! ಅದರಲ್ಲಿ ಬಂದರಿದೆ, ಮಾರುಕಟ್ಟೆಯಿದೆ, ಓಣಿಗಳಲ್ಲಿ ಪೊಲೀಸಿನವನನ್ನು ಸುತ್ತಿಸುವ ತುಂಟ ಹುಡುಗರಿದ್ದಾರೆ. ಸಮುದ್ರದ ಕಟ್ಟೆಯ ಮೇಲೆ ಕುಳಿತು ನಗರವನ್ನು ಕುರಿತು ಕವಿತೆ ನುಡಿಯುವ ಕವಿ ಇದ್ದಾರೆ. ಹಿಮೂದ್ ಬ್ರಾಹಿಮಿ ಎಂಬ ಆ ಕವಿಯನ್ನು ಕಸ್ಬಾದ ಜನ ‘ಮೊಮೊ’ ಎಂದೇ ಕರೆಯುತ್ತಿದ್ದರು. ನಗುವಿಗೇನೂ ಕೊರತೆಯಿಲ್ಲ.

ಆದರೆ ಪ್ರವಾಸಕ್ಕೆಂದು ಬಂದ ಒಬ್ಬ ಫ್ರೆಂಚ್ ದಂಪತಿ ಈ ನಗರದಲ್ಲಿ ತಿರುಗುತ್ತಿದ್ದಾರೆ. ಗಂಡ ಹಿಂದೆ ಇದೇ ಊರಿನಲ್ಲಿ ಸೈನಿಕನಾಗಿದ್ದವನು. ಉಪಾಹಾರಗೃಹವೊಂದರಲ್ಲಿ ಎದುರಿಗೆ ಕುಳಿತ ವ್ಯಕ್ತಿಯೊಬ್ಬ ತನ್ನನ್ನೇ ಎವೆಯಿಕ್ಕದೆ ನೋಡುತ್ತಿರುವುದು ಅವನಿಗೆ ಕಾಣುತ್ತದೆ. ತಾನು ಚಿತ್ರಹಿಂಸೆ ಕೊಟ್ಟ ಮನುಷ್ಯ ಇವನೇ ಎಂದು ನೆನಪಾಗುತ್ತದೆ. ಆ ನೋಟವನ್ನು ತಾಳಲಾರದೆ ಅವನು ಎದ್ದು ಹೊರಟುಹೋಗುತ್ತಾನೆ. ಆಮೇಲೆ ಎದುರಿನ ವ್ಯಕ್ತಿಯೂ ಮೇಲೇಳುತ್ತಾನೆ. ಆಗ ನಮಗೆ ತಿಳಿಯುತ್ತದೆ, ಅವನು ಕುರುಡ. ಅವನು ಯಾರನ್ನೂ ನೋಡುತ್ತಲೇ ಇರಲಿಲ್ಲ. ಈ ಪಾತ್ರವನ್ನು ಮಾಡಿದವರು ಸ್ವತಃ ಜಿನೆತ್. ಒಂದು ಮಾತೂ ಇಲ್ಲದೆ, ಒಂದು ಏಟೂ ಇಲ್ಲದೆ ಯುದ್ಧದ ನೆನಪನ್ನು ಇಷ್ಟು ತೀಕ್ಷ್ಣವಾಗಿ ಹೇಳಿದ ದೃಶ್ಯಗಳು ಚಲನಚಿತ್ರದಲ್ಲಿ ಹೆಚ್ಚಿಲ್ಲವೆಂದೇ ನನ್ನ ಭಾವನೆ.

ಪ್ರವಾಸೋದ್ಯಮಕ್ಕೆ ಇಂಥ ದೃಶ್ಯದಿಂದ ಏನು ಲಾಭ? ನಗರಸಭೆಗೆ ಚಿತ್ರ ಹಿಡಿಸಲಿಲ್ಲ. ಚಿತ್ರಮಂದಿರಗಳಲ್ಲಿ ಸರಿಯಾದ ಬಿಡುಗಡೆಯ ಭಾಗ್ಯವೂ ಅದಕ್ಕೆ ಒದಗಲಿಲ್ಲ. ಅಲ್ಜೀರ್ಸ್‌ನ ಸಿನೆಮಾತೆಕ್, ಅಂದರೆ ಚಿತ್ರಭಂಡಾರದ ಪ್ರದರ್ಶನಗಳಲ್ಲಿ ಮಾತ್ರ ಆಸಕ್ತರು ಅದನ್ನು ನೋಡುತ್ತ ಬಂದರು. ಆಗಿನ ಅಲ್ಜೀರಿಯದಲ್ಲಿ ಚಿತ್ರನಿರ್ಮಾಣ ಸರ್ಕಾರದ ಕೈಯಲ್ಲಿತ್ತು. ವಿಮೋಚನಾ ಯುದ್ಧದ ವೀರಗಾಥೆಗಳಿಗೆ ಅಲ್ಲಿ ಪ್ರಾಶಸ್ತ್ಯ. ಅದೇ ಯುದ್ಧದಲ್ಲಿ ಗಾಯಗೊಂಡಿದ್ದ ಜಿನೆತ್ ವೀರನನ್ನು ಬಿಟ್ಟು ಕುರುಡನೊಬ್ಬನನ್ನು ತೋರಿಸಿದ್ದರು. ಎರಡನೆಯ ಕಥಾಚಿತ್ರ ಮಾಡುವ ಅವಕಾಶ ಅವರಿಗೆ ಸಿಗಲೇ ಇಲ್ಲ.

ಅವರು ಫ್ರಾನ್ಸಿನಲ್ಲಿ ನೆಲೆಸಿದರು. ಅಲ್ಲಿ ಅವರ ಮುಖ ಅಪರಿಚಿತವೇನಲ್ಲ. ಹೋರಾಟದ ದಿನಗಳಲ್ಲಿ ಅಲ್ಜೀರಿಯದವರ ಜೊತೆಗಿದ್ದು ಚಿತ್ರೀಕರಣ ಮಾಡಿದ್ದ ಫ್ರೆಂಚ್ ನಿರ್ದೇಶಕ ರೆನೆ ವೊಟಿಯೆ, ವಲಸೆ ಕಾರ್ಮಿಕರ ಬದುಕನ್ನು ಕುರಿತ ತಮ್ಮ ಕಿರುಚಿತ್ರಗಳಲ್ಲಿ ಜಿನೆತ್ ಅವರಿಂದ ನಟನೆ ಮಾಡಿಸಿದ್ದರು. ಕಾಲ ಮಾತ್ರ ಒಳ್ಳೆಯದಾಗಿರಲಿಲ್ಲ. 1973ರಲ್ಲಿ ಮಾರ್ಸೆ ನಗರದ ಸುತ್ತಮುತ್ತ ಅಲ್ಜೀರಿಯದ ಕಾರ್ಮಿಕರ ಕೊಲೆಗಳು ನಡೆದವು. ಅದೇ ಸೆಪ್ಟೆಂಬರಿನಲ್ಲಿ ಅಲ್ಜೀರಿಯ ಸರ್ಕಾರವೇ ಫ್ರಾನ್ಸಿಗೆ ಹೋಗುವ ವಲಸೆಯನ್ನು ನಿಲ್ಲಿಸಿತು. ಈ ದ್ವೇಷವನ್ನೇ ವಸ್ತುವಾಗಿ ಮಾಡಿಕೊಂಡು ಈವ್ ಬುವಾಸೆ ತೆಗೆದ ‘ದ್ಯುಪೋಂ ಲಾಜುವಾ’ (1975) ಚಿತ್ರದಲ್ಲಿ ಜಿನೆತ್ ನಟಿಸಿದ್ದಾರೆ. ಹೋಟೆಲಿನ ಮಾಲೀಕನೊಬ್ಬ ತಾನು ಮಾಡಿದ ಕೊಲೆಯ ಹೊಣೆ ಅಲ್ಜೀರಿಯದ ಕಾರ್ಮಿಕರ ಮೇಲೆ ಬೀಳುವಂತೆ ಮಾಡುವ ಕಥೆ ಅದು.

1977ರಲ್ಲಿ ಮೋಶೆ ಮಿಜ್ರಾಹಿ ಅವರ ‘ಲಾ ವೀ ದೆವಾಂ ಸುವಾ’ ಬಂತು. ಪ್ಯಾರಿಸ್ಸಿನಲ್ಲಿ ಅನಾಥಪ್ರಾಯ ಮಕ್ಕಳನ್ನು ಸಾಕುವ ಯೆಹೂದಿ ವೃದ್ಧೆಯಾಗಿ ಸಿಮೋನ್ ಸಿನ್ಯೋರೆ ನಟಿಸಿದ ಈ ಚಿತ್ರಕ್ಕೆ ಉತ್ತಮ ವಿದೇಶಿ ಚಿತ್ರವೆಂಬ ಆಸ್ಕರ್ ದೊರೆಯಿತು. ಅದರಲ್ಲಿ ಜಿನೆತ್ ಅವರದು ಚಿಕ್ಕ ಪಾತ್ರ. ಮಾನಸಿಕ ಚಿಕಿತ್ಸಾಲಯದಿಂದ ಹನ್ನೊಂದು ವರ್ಷಗಳ ಬಳಿಕ ಹೊರಬಂದು ಮಗನನ್ನು ಹುಡುಕಿಕೊಂಡು ಬರುವ ತಂದೆ. ಮಗ ಎದುರಿಗೇ ಇದ್ದರೂ ಅವನಿಗೆ ಗುರುತು ಸಿಗುವುದಿಲ್ಲ. ವೃದ್ಧೆ ಬೇರೊಬ್ಬ ಹುಡುಗನನ್ನು ತೋರಿಸಿ, ನಿನ್ನ ಮಗನನ್ನು ತಪ್ಪಿ ಯೆಹೂದಿಯಾಗಿ ಬೆಳೆಸಿಬಿಟ್ಟೆ ಎನ್ನುತ್ತಾಳೆ. ಆ ಆಘಾತಕ್ಕೆ ತಂದೆ ಅಲ್ಲಿಯೇ ಕುಸಿದು ಸಾಯುತ್ತಾನೆ. ಆಕಸ್ಮಿಕವೆನ್ನಿ, ಏನಾದರೂ ಅನ್ನಿ, ಆ ಮಗನ ಹೆಸರೂ ಮೊಮೊ.

ತನ್ನ ಚಿತ್ರದಲ್ಲಿ ಇಡೀ ನಗರವನ್ನು ನಗಿಸಿದ ಜಿನೆತ್ ಅವರಿಗೆ ಫ್ರೆಂಚ್ ಚಿತ್ರರಂಗ ಕೊಟ್ಟ ಮುಖ್ಯ ವೇಷವೆಂದರೆ ನೊಂದ ವಲಸೆಗಾರನದು. ಅವರ ಹಾಸ್ಯಪ್ರತಿಭೆ ಬಹುಮಟ್ಟಿಗೆ ಬಳಕೆಯಾಗದೇ ಉಳಿಯಿತು. ಆದರೂ ಸಿಕ್ಕ ಪಾತ್ರಗಳ ವ್ಯಕ್ತಿಗಳನ್ನು ಅವರು ಕೇವಲ ಮರುಕಕ್ಕೆ ಒಪ್ಪಿಸಲಿಲ್ಲ. ಒಂದು ಬಗೆಯ ಮೊಂಡು ಘನತೆ ಆ ಮುಖದಲ್ಲಿತ್ತು.

ಅವರು ಕಾಲವಾದ 1995ರಲ್ಲಿ ಅಲ್ಜೀರಿಯ ಅಂತರ್ಯುದ್ಧದ ಬೇಗುದಿಯಲ್ಲಿತ್ತು. ಅನೇಕ ಬರಹಗಾರರು, ಕಲಾವಿದರು ಆ ವರ್ಷಗಳಲ್ಲಿ ಕೊಲೆಯಾದರು, ಎಷ್ಟೋ ಜನ ದೇಶ ಬಿಟ್ಟರು. ಬಹಳ ವರ್ಷಗಳ ಮೇಲೆ, 2023ರಲ್ಲಿ, ಮೊಹಮದ್ ಲತ್ರೆಶ್ ಎಂಬ ನಿರ್ದೇಶಕರು ಜಿನೆತ್ ಅವರನ್ನು ಕುರಿತು ಒಂದು ಸಾಕ್ಷ್ಯಚಿತ್ರ ಮಾಡಿದರು. ‘ಜಿನೆತ್, ಅಲ್ಜೀರ್ಸ್, ಆನಂದ’ ಎಂಬುದು ಅದರ ಹೆಸರಿನ ಅರ್ಥ.