ಗಾಳಿಗೂ ಒಗ್ಗಬೇಕು, ಕೈಗೂ ಒಗ್ಗಬೇಕು

ಹಲಸೂರು ದಾಟಿ ಪೂರ್ವಕ್ಕೆ ಹೊರಟರೆ ಬೆಂಗಳೂರಿನ ಬಡಾವಣೆಗಳ ಹೆಸರಿನಲ್ಲೇ ವಿಮಾನದ ನಂಟು ಕಾಣಿಸುತ್ತದೆ. ಇಂದಿರಾನಗರದ ಒಂದು ಭಾಗಕ್ಕೆ ಎಚ್‌ಎಎಲ್ ಎರಡನೆಯ ಹಂತವೆಂದೇ ಹೆಸರು; ಇನ್ನೂ ಮುಂದೆ ಹೋದರೆ ವಿಮಾನಪುರ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನೊಂದಿಗೆ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಬೆಳೆದ ನಂಟು ಇದು. ಇಲ್ಲಿ ತಯಾರಾದ ವಿಮಾನಗಳ ವೇಗ, ಎಂಜಿನ್, ಯುದ್ಧದ ಸಾಹಸಗಳ ಬಗ್ಗೆ ಸಾಕಷ್ಟು ಮಾತುಗಳಾಗಿವೆ. ಅವುಗಳ ಮೈಮೇಲಿನ ಹೊದಿಕೆಯ ಬಗ್ಗೆ ಮಾತು ಕಡಿಮೆ. ಆ ಹೊದಿಕೆಗೆ ಕಾರ್ಖಾನೆಯವರ ಬಾಯಲ್ಲಿ ಇರುವ ಹೆಸರು ‘ಫೇರಿಂಗ್’.

ಏನಿದು ಫೇರಿಂಗ್? ವಿಮಾನದ ರೆಕ್ಕೆ ಒಡಲನ್ನು ಸೇರುವಲ್ಲಿ ಒಂದು ಮೂಲೆ ಉಂಟಾಗುತ್ತದೆ. ರೆಕ್ಕೆಯ ಮೇಲೆ ಹಾಯುವ ಗಾಳಿ ಮತ್ತು ಒಡಲಿನ ಪಕ್ಕದಲ್ಲಿ ಹಾಯುವ ಗಾಳಿ ಅಲ್ಲಿ ಕಲೆತು, ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಸುತ್ತುವಂತೆ ಸುಳಿ ಏಳುತ್ತದೆ. ಸುಳಿ ಹೆಚ್ಚಿದಷ್ಟೂ ವಿಮಾನವನ್ನು ಹಿಂದಕ್ಕೆ ಜಗ್ಗುವ ತಡೆ ಹೆಚ್ಚುತ್ತದೆ, ಇಂಧನ ವ್ಯರ್ಥವಾಗುತ್ತದೆ. ಆ ಮೂಲೆಯನ್ನು ನಯವಾದ ತಿರುವಿನಲ್ಲಿ ಮುಚ್ಚುವ ಹೊದಿಕೆಯೇ ಫೇರಿಂಗ್. ವಿಮಾನದ ಭಾರ ಹೊರುವ ಹೊಣೆ ಸಾಮಾನ್ಯವಾಗಿ ಇದಕ್ಕಿಲ್ಲ.

ಕೆಲಸ ಸುಲಭವೆನಿಸಿದರೂ ಇದಕ್ಕೆ ಇಬ್ಬರು ಯಜಮಾನರು. ಗಾಳಿ ಬಯಸುವುದು ಎಲ್ಲೂ ಸಂದು ಕಾಣದ ಮೈಯನ್ನು. ದುರಸ್ತಿ ಮಾಡುವವನು ಬಯಸುವುದು ಬೇಗ ಬಿಚ್ಚಿ ಬೇಗ ಕೂರಿಸಬಹುದಾದ ಮುಚ್ಚಳವನ್ನು. ಏಕೆಂದರೆ ರೆಕ್ಕೆಯನ್ನು ಒಡಲಿಗೆ ಬಿಗಿದ ಬೋಲ್ಟುಗಳು, ಕೊಳವೆಗಳು, ತಂತಿಗಳೆಲ್ಲ ಅದರಡಿಯಲ್ಲೇ ಇರುತ್ತವೆ. ಅವನ್ನು ಆಗಾಗ ಪರೀಕ್ಷಿಸಲೇಬೇಕು. ಎರಡು ದಿಕ್ಕಿಗೂ ಬಾಗುವ ತಗಡನ್ನು ಕೈಯಲ್ಲಿ ತಟ್ಟಿ ಒಂದು ವಿಮಾನಕ್ಕೆ ಹೊಂದಿಸಿದರೆ, ಅದೇ ತಗಡು ಪಕ್ಕದ ವಿಮಾನಕ್ಕೂ ಹೊಂದುತ್ತದೆಂಬ ಭರವಸೆಯಿಲ್ಲ. ಅಂಚು ಒಂದೆರಡು ಮಿಲಿಮೀಟರ್ ಮೇಲೆದ್ದರೂ ಗಾಳಿಯ ಪಾಲಿಗೆ ಅದೊಂದು ಮೆಟ್ಟಿಲು.

ಬೆಂಗಳೂರಿನಲ್ಲಿ ಗಾಳಿಯ ತಡೆಯ ಪ್ರಶ್ನೆ ತೀವ್ರವಾಗಿ ಎದುರಾದದ್ದು ‘ಮರುತ್’ ಯುದ್ಧ ವಿಮಾನದ ಕಾಲದಲ್ಲಿ. ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಇಲ್ಲಿಗೆ ಬಂದರು. ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1952ರಲ್ಲಿ, ಅಮೆರಿಕದ ರಿಚರ್ಡ್ ವಿಟ್‌ಕಂಬ್ ಒಂದು ಸೂತ್ರವನ್ನು ಕಂಡುಕೊಂಡಿದ್ದರು. ವಿಮಾನ ಶಬ್ದದ ವೇಗವನ್ನು ಸಮೀಪಿಸಿದಾಗ ಮೂಗಿನಿಂದ ಬಾಲದವರೆಗೆ ಅದರ ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ ನಿಧಾನವಾಗಿ ಏರಿಳಿಯಬೇಕು. ಥಟ್ಟನೆ ಬದಲಾದರೆ ತಡೆ ವಿಪರೀತವಾಗುತ್ತದೆ ಎಂಬುದು ಅದರ ಸಾರ. ಅಮೆರಿಕದ್ದೇ ಆದ ವೈಎಫ್-102 ವಿಮಾನ ಮೊದಲು ಶಬ್ದದ ವೇಗವನ್ನು ಮೀರಲಾಗದೆ ಸೋತಿತ್ತು. ಅದರ ನಡುವನ್ನು ಸಣ್ಣ ಮಾಡಿ, ಬಾಲದ ಬಳಿ ಉಬ್ಬಿದ ಫೇರಿಂಗ್‌ಗಳನ್ನು ಕೂರಿಸಿದ ಮೇಲೆ 1954ರ ಡಿಸೆಂಬರ್‌ನಲ್ಲಿ ಆ ಗಡಿ ದಾಟಿತು. ಮೂಲೆ ಮುಚ್ಚುವ ತತ್ವವನ್ನೇ ಇಡೀ ವಿಮಾನಕ್ಕೆ ವಿಸ್ತರಿಸಿದಂತಾಗಿತ್ತು.

ಮರುತ್‌ನ ಒಡಲಿಗೂ ಈ ಸೂತ್ರವೇ ಆಧಾರ. ಆಕಾರ ಸರಿಯಿದೆಯೇ ಎಂದು ನೋಡಲು 1959ರಲ್ಲಿ ಅದೇ ಅಳತೆಯ ಮರದ ಗ್ಲೈಡರ್ ಕಟ್ಟಿ, ಡಕೋಟಾ ವಿಮಾನದಿಂದ ಮೇಲಕ್ಕೆ ಎಳೆಸಿ ಹಾರಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಮರುತ್ ವಿಮಾನವನ್ನೇ ಹಾರಿಸಿದರು. ಶಬ್ದದ ಎರಡು ಪಟ್ಟು ವೇಗ ಮೂಲ ಗುರಿಯಾಗಿತ್ತು. ಆದರೆ ಬಯಸಿದ ಎಂಜಿನ್ ದೊರೆಯದೆ, ಕಡಿಮೆ ಶಕ್ತಿಯ ಆರ್ಫಿಯಸ್ ಎಂಜಿನ್‌ಗೇ ತೃಪ್ತಿಪಡಬೇಕಾಯಿತು. ಮರುತ್ ಶಬ್ದದ ವೇಗದ ಅಂಚಿನಲ್ಲೇ ಉಳಿಯಿತು. ಮೈ ಎಷ್ಟೇ ನಯವಾಗಿದ್ದರೂ ಎಂಜಿನ್ನಿನ ಕೊರತೆಯನ್ನು ಅದು ತುಂಬಿಕೊಡಲಾರದೆಂಬ ಪಾಠ ಬಲು ದುಬಾರಿಯಾಗಿತ್ತು. ಆದರೂ ಒಟ್ಟು 147 ಮರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕಾದಾಡಿದವು.

ಗಾಳಿಯ ಗುಣವನ್ನು ಇಲ್ಲಿಯೇ ಅಳೆಯುವ ಅನುಕೂಲವೂ ಈ ನಡುವೆ ಬೆಳೆಯಿತು. ದಂಡು ಪ್ರದೇಶದ ಜಯಮಹಲ್ ಅರಮನೆಯ ಕುದುರೆ ಲಾಯದಲ್ಲಿ ಬೆಂಗಳೂರಿನ ಕೆಲಸ ಆರಂಭಿಸಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಬೇಲೂರು ಆವರಣದಲ್ಲಿ 1967ರಲ್ಲಿ 1.2 ಮೀಟರ್‌ನ ಗಾಳಿ ಸುರಂಗವನ್ನು ಸಜ್ಜುಗೊಳಿಸಿತು. ಶಬ್ದಕ್ಕಿಂತ ಕಡಿಮೆ, ಸಮ ಹಾಗೂ ಹೆಚ್ಚಿನ ವೇಗಗಳಲ್ಲಿ ಮಾದರಿಗಳನ್ನು ಅಲ್ಲಿ ಪರೀಕ್ಷಿಸಬಹುದಾಗಿತ್ತು.

ಜೋಡಣೆಯ ತೊಡಕಿಗೆ ಉತ್ತರ ಬಂದದ್ದು ಹಗುರ ಯುದ್ಧ ವಿಮಾನ ‘ತೇಜಸ್’ನ ಕಾಲಕ್ಕೆ. ಅಂಟುರಾಳ ಹೀರಿದ ಇಂಗಾಲದ ಎಳೆಯ ಹಾಳೆಗಳನ್ನು ಅಚ್ಚಿನ ಮೇಲೆ ಪದರ ಪದರವಾಗಿ ಹಾಸಿ, ಆಟೋಕ್ಲೇವ್ ಎಂಬ ದೊಡ್ಡ ಒತ್ತಡದ ಒಲೆಯಲ್ಲಿ ಬೇಯಿಸುವ ವಿಧಾನವಿದು. ಅಚ್ಚು ಒಂದೇ ಆದ್ದರಿಂದ ಒಂದರಂತೆ ಇನ್ನೊಂದು ಬರುತ್ತದೆ. ಹೊರಹೊದಿಕೆ ಮತ್ತು ಒಳಗಿನ ಅಡ್ಡಪಟ್ಟಿಗಳನ್ನು ಒಟ್ಟಿಗೇ ಬೇಯಿಸಿದರೆ ಅವನ್ನು ಬೆಸೆಯಲು ರಿವೆಟ್ಟೂ ಬೇಡ. ರಿವೆಟ್ ಕಡಿಮೆಯಾದರೆ ಕೊರೆಯುವ ತೂತು ಕಡಿಮೆ, ಗಾಳಿಗೆ ತಗಲುವ ಉಬ್ಬುತಗ್ಗೂ ಕಡಿಮೆ. ತೇಜಸ್‌ನ ಬಾಲದ ಫಿನ್, ರಡ್ಡರ್‌ಗಳನ್ನು ಪ್ರಯೋಗಾಲಯ ಹೀಗೆಯೇ ರೂಪಿಸಿತು. ಪೂರ್ತಿ ಲೋಹದ ವಿಮಾನಕ್ಕೆ ಹೋಲಿಸಿದರೆ ಬಿಡಿಭಾಗಗಳ ಸಂಖ್ಯೆ ಶೇ 40ರಷ್ಟು ತಗ್ಗಿತೆಂದೂ, ಸುಮಾರು 10,000 ಬೇಕಾಗುತ್ತಿದ್ದ ರಿವೆಟ್, ಬೋಲ್ಟ್‌ಗಳು ಅರ್ಧಕ್ಕೆ ಇಳಿದವೆಂದೂ ಲೆಕ್ಕ. 2001ರ ಜನವರಿ 4ರಂದು ಈ ವಿಮಾನ ಮೊದಲ ಬಾರಿಗೆ ಹಾರಿತು.

ಹಾಗೆಂದು ಇಬ್ಬರು ಯಜಮಾನರ ತಕರಾರು ಮುಗಿದಿಲ್ಲ. ಅದರ ಜಾಗ ಬದಲಾಗಿದೆ. ತಗಡಿನಲ್ಲಿ ತಗ್ಗು ಬಿದ್ದರೆ ಕಣ್ಣಿಗೆ ಕಾಣುತ್ತದೆ. ಇಂಗಾಲದ ಹೊದಿಕೆಗೆ ಪೆಟ್ಟು ಬಿದ್ದರೆ ಪದರಗಳು ಒಳಗೇ ಬಿಟ್ಟುಕೊಂಡಿರಬಹುದು. ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸಬೇಕು. ಒಂದಾಗಿ ಬೆಂದ ಭಾಗವನ್ನು ಬಿಚ್ಚಿ ಚೂರನ್ನಷ್ಟೇ ಬದಲಿಸುವಂತಿಲ್ಲ. ಬೇಯುವಾಗ ಕೆಟ್ಟರೆ ಇಡೀ ಭಾಗವೇ ಹೋದಂತೆ. ಎಲ್ಲಿ ಒಂದಾಗಿಸಬೇಕು, ಎಲ್ಲಿ ಬಿಚ್ಚಲು ಬಿಡಬೇಕು ಎಂಬುದನ್ನು ಇಂದಿಗೂ ನಕ್ಷೆ ಬರೆಯುವ ಹಂತದಲ್ಲೇ ತೀರ್ಮಾನಿಸಬೇಕು. ಅಲ್ಲಿ ಮರೆತದ್ದನ್ನು ಹ್ಯಾಂಗರಿನಲ್ಲಿ ಸ್ಪ್ಯಾನರ್ ಹಿಡಿದು ಸರಿಪಡಿಸುವುದು ಕಷ್ಟ.