ಆಲ್ಟರ್ನೇಟರ್ ವೈರನ್ನು ಎಂಜಿನ್ ಬಿಸಿಯಿಂದ ಕಾಪಾಡುವುದು ಹೇಗೆ?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕಾರು ಇಟ್ಟುಕೊಂಡವರು ಒಂದಲ್ಲ ಒಂದು ದಿನ ಘಾಟಿ ಹತ್ತಲೇಬೇಕು. ಪೊಳ್ಳಾಚಿಯಿಂದ ವಾಲ್ಪಾರೈಗೆ 40 ಹೇರ್‌ಪಿನ್ ತಿರುವುಗಳು. ಚಾಮರಾಜನಗರ, ಮೈಸೂರು ಕಡೆಯ ನೆಂಟರ ಮನೆಗೆ ಹೋಗಬೇಕಾದರೆ ಸತ್ಯಮಂಗಲ, ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ತಿರುವುಗಳು. ಉಡುಮಲೈಪೇಟೆಯಿಂದ ಮರಯೂರಿಗೂ ಕಾಡಿನ ದಾರಿಯೇ. ಇಂಥ ಕಡೆ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಕೆಂಪಗೆ ಹೊತ್ತಿಕೊಂಡರೆ ಎದೆ ಧಸಕ್ಕೆನ್ನುತ್ತದೆ. ದಿಂಬಂ ದಾರಿಯಲ್ಲಿ 2022ರ ಫೆಬ್ರವರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ಹೊತ್ತು ಮೀರಿದ ಮೇಲೆ ಅಲ್ಲಿ ಕೆಟ್ಟು ನಿಂತರೆ ಸಹಾಯಕ್ಕೆ ಬರುವವರೂ ಕಡಿಮೆ.

ಹೇಗೋ ಊರಿಗೆ ಮರಳಿ ನಾವು ಮೊದಲು ಮಾಡುವ ಕೆಲಸ ಹೊಸ ಬ್ಯಾಟರಿ ಕೊಳ್ಳುವುದು. ಎಷ್ಟೋ ಸಲ ತಪ್ಪು ಬ್ಯಾಟರಿಯದ್ದಲ್ಲ, ಎಂಜಿನ್ ಬಿಸಿಗೆ ಒಣಗಿ ಕೆಟ್ಟ ಒಂದು ವೈರಿನದ್ದು. ಆ ವೈರನ್ನು ಪರೀಕ್ಷಿಸುವ, ಕಾಪಾಡುವ ಕ್ರಮ ಇಲ್ಲಿದೆ.

ಡೈನಮೋ ಅಲ್ಲ, ಆಲ್ಟರ್ನೇಟರ್

ನಮ್ಮ ಕಡೆ ಹಲವು ಮೆಕ್ಯಾನಿಕ್‌ಗಳು ಇಂದಿಗೂ ಇದನ್ನು ‘ಡೈನಮೋ’ ಎಂದೇ ಕರೆಯುತ್ತಾರೆ. ಹಳೆಯ ಕಾರು, ಬಸ್ಸುಗಳಲ್ಲಿ ಇದ್ದದ್ದು ಡೈನಮೋ. 1960ರಲ್ಲಿ ಅಮೆರಿಕದ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರ್ ಬಂದ ನಂತರ ಅದು ಕ್ರಮೇಣ ಎಲ್ಲ ಕಾರುಗಳಿಗೂ ಹರಡಿತು. ಹೆಸರು ಹಾಗೇ ಉಳಿದರೆ ನಷ್ಟವಿಲ್ಲ, ಆದರೆ ಹಳೆಯ ಪರೀಕ್ಷೆ ಉಳಿದರೆ ನಷ್ಟ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಳಚಿ ‘ಚಾರ್ಜ್ ಬರುತ್ತಿದೆಯೇ’ ಎಂದು ನೋಡುವ ಅಭ್ಯಾಸವಿದೆ. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಹೀಗೆ ಮಾಡಿದರೆ ವೋಲ್ಟೇಜ್ ಏಕಾಏಕಿ ಜಿಗಿದು ಡಯೋಡ್‌ಗಳೂ ಕಾರಿನ ಕಂಪ್ಯೂಟರೂ ಸುಟ್ಟುಹೋಗಬಹುದು. ಯಾರೇ ಮಾಡಲು ಬಂದರೂ ಬೇಡ ಎನ್ನಿ.

ಬಿಸಿ ಎಲ್ಲಿಂದ ಬರುತ್ತದೆ?

ಆಲ್ಟರ್ನೇಟರ್‌ನ ಹಿಂಬದಿಯಲ್ಲಿ ‘ಬಿ ಪ್ಲಸ್’ ಎಂಬ ದಪ್ಪ ಬೋಲ್ಟ್ ಇದೆ. ಅಲ್ಲಿಂದ ಬ್ಯಾಟರಿಯ ಪಾಸಿಟಿವ್ ಕಡೆಗೆ ಒಂದು ದಪ್ಪ ವೈರು ಹೋಗುತ್ತದೆ. ಕೆಲವು ಕಾರುಗಳಲ್ಲಿ ಇದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಹಾದುಹೋಗುತ್ತದೆ. ಎರಡನೇ ಗೇರಿನಲ್ಲಿ ಭಾರ ಹೊತ್ತು ಘಾಟಿ ಹತ್ತುವಾಗ ಮ್ಯಾನಿಫೋಲ್ಡ್ ನೂರಾರು ಡಿಗ್ರಿ ಕಾಯುತ್ತದೆ. ವೇಗ ಕಡಿಮೆಯಾದ್ದರಿಂದ ಬಾನೆಟ್ ಒಳಗೆ ಗಾಳಿಯೂ ಸಾಲದು.

ಮೇಲೆ ತಲುಪಿ ಎಂಜಿನ್ ನಿಲ್ಲಿಸಿದ ನಂತರದ ಹದಿನೈದು ಇಪ್ಪತ್ತು ನಿಮಿಷಗಳೂ ವೈರಿಗೆ ಕಷ್ಟದ ಸಮಯವೇ. ಆಗ ಗಾಳಿಯಿಲ್ಲ, ನೀರು ಸುತ್ತುವುದಿಲ್ಲ. ಎಂಜಿನ್ ಬಿಸಿಯೆಲ್ಲ ಬಾನೆಟ್ ಒಳಗೇ ನಿಲ್ಲುತ್ತದೆ.

ವೈರಿಗೆ ಏನಾಗುತ್ತದೆ?

ಮನೆ ವೈರಿಂಗಿನ ಸಾಮಾನ್ಯ ಪಿವಿಸಿ ವೈರು ತಡೆಯುವುದು 70 ಡಿಗ್ರಿ ಸೆಲ್ಸಿಯಸ್ ಮಾತ್ರ. ವಾಹನಗಳಿಗೆಂದೇ ಮಾಡಿದ ಪಿವಿಸಿ 85ರಿಂದ 105, ಎಕ್ಸ್‌ಎಲ್‌ಪಿಇ ಹೊದಿಕೆಯದು 125, ಸಿಲಿಕಾನ್ ರಬ್ಬರ್ ಹೊದಿಕೆಯದು ಸುಮಾರು 180 ಡಿಗ್ರಿ ತಡೆಯುತ್ತದೆ. ಮಿತಿ ಮೀರಿದ ಬಿಸಿ ಪದೇ ಪದೇ ತಾಗಿದರೆ ಹೊದಿಕೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಒಳಗಿನ ತಾಮ್ರ 20 ಡಿಗ್ರಿಯಿಂದ 100 ಡಿಗ್ರಿಗೆ ಕಾದರೆ ಅದರ ತಡೆ ಸುಮಾರು ಶೇ. 30ರಷ್ಟು ಏರುತ್ತದೆ, ವೈರಿನಲ್ಲಿ ಆಗುವ ವೋಲ್ಟೇಜ್ ನಷ್ಟವೂ ಹೆಚ್ಚುತ್ತದೆ.

ಲಗ್ ಸಡಿಲವಾಗಿದ್ದರೆ ಇನ್ನೂ ಅಪಾಯ. ಆ ಜಾಗದಲ್ಲಿ ಅರ್ಧ ವೋಲ್ಟ್ ನಷ್ಟವಾದರೂ 60 ಆಂಪಿಯರ್ ಹರಿಯುವಾಗ 30 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್‌ಗೆ ಬೇಕಾಗುವುದೂ ಅಷ್ಟೇ.

ಮರೆಯಬಾರದ ಮಾತು: ಈ ವೈರಿಗೆ ಕೀಲಿಯ ಹಂಗಿಲ್ಲ. ಕಾರು ನಿಂತಿದ್ದಾಗಲೂ ಇದರಲ್ಲಿ ಬ್ಯಾಟರಿಯ ವಿದ್ಯುತ್ ಇರುತ್ತದೆ. ಹೊದಿಕೆ ಬಿರಿದು ತಾಮ್ರ ಬಾಡಿಗೆ ತಾಗಿದರೆ ಕಿಡಿ ಹಾರಿ ಬೆಂಕಿ ಹೊತ್ತಬಹುದು. ತೆಂಗಿನ ತೋಟದ ಮನೆಗಳಲ್ಲಿ ಇಲಿಗಳು ಒಣ ನಾರು ತಂದು ಎಂಜಿನ್ ಮೇಲೆ ಗೂಡು ಕಟ್ಟುವುದುಂಟು. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ ತೆಗೆದುಹಾಕಿ.

ಗುರುತಿಸುವುದು ಹೇಗೆ?

ಎಂಜಿನ್ ತಣ್ಣಗಿರುವಾಗ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ ವೈರನ್ನು ಮೆಲ್ಲನೆ ಬಾಗಿಸಿ ನೋಡಿ. ಕಡ್ಡಿಯಂತೆ ಬಿಗಿಯಾಗಿದ್ದರೆ, ಬಿರುಕಿದ್ದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ, ಲಗ್ ಮೇಲೆ ಹಸಿರು ಪುಡಿ ಕಟ್ಟಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥ.

ಟರ್ಮಿನಲ್ ಮತ್ತೆ ಜೋಡಿಸಿ ಮಲ್ಟಿಮೀಟರಿನಲ್ಲಿ ಅಳೆಯಿರಿ. ಎಂಜಿನ್ ನಿಂತಿದ್ದಾಗ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.5 ವೋಲ್ಟ್ ತೋರಿಸಬೇಕು. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಏರಿಸಿ ಇಳಿಸುವುದರಿಂದ ಈ ಅಂಕಿ ಬದಲಾಗಬಹುದು.

ಮುಂದೆ ಹೆಡ್‌ಲೈಟ್, ಬ್ಲೋವರ್ ಹಾಕಿ ಎಂಜಿನ್ನನ್ನು ಸುಮಾರು 1500 ಆರ್‌ಪಿಎಂನಲ್ಲಿ ಓಡಿಸಿ. ಮೀಟರಿನ ಒಂದು ಕಡ್ಡಿ ಬಿ ಪ್ಲಸ್ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್‌ಗೆ ಹಿಡಿಯಿರಿ. 0.3 ವೋಲ್ಟ್ ಒಳಗಿದ್ದರೆ ಸರಿ, ಅರ್ಧ ವೋಲ್ಟ್ ದಾಟಿದರೆ ವೈರು ಅಥವಾ ಲಗ್ ಕೆಟ್ಟಿದೆ. ಆಲ್ಟರ್ನೇಟರ್ ಬಾಡಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.2 ವೋಲ್ಟ್ ಮೀರಬಾರದು. ವೇಷ್ಟಿ, ಸೆರಗು, ಟವೆಲ್ ಬೆಲ್ಟಿನ ಹತ್ತಿರ ಹೋಗದಂತೆ ಎಚ್ಚರವಿರಲಿ.

ಕಾಪಾಡುವ ಕ್ರಮ

ಇವೆಲ್ಲ ತಣ್ಣನೆಯ ಎಂಜಿನ್ ಮೇಲೆ, ನೆಗೆಟಿವ್ ಟರ್ಮಿನಲ್ ಕಳಚಿ ಮಾಡುವ ಕೆಲಸ.

1. ಮೊದಲ ಮದ್ದು ದೂರ. ಮ್ಯಾನಿಫೋಲ್ಡ್‌ನಿಂದ ಕನಿಷ್ಠ ಮೂರು ನಾಲ್ಕು ಇಂಚು ದೂರದಲ್ಲಿ ವೈರು ಹಾಯಿಸಿ.

2. ರಬ್ಬರ್ ಹಾಕಿದ ಲೋಹದ ಕ್ಲಿಪ್‌ನಿಂದ ಬಿಗಿಯಿರಿ. ಸಾಮಾನ್ಯ ಪ್ಲಾಸ್ಟಿಕ್ ಟ್ಯಾಗ್ ಬಿಸಿಗೆ ಪುಡಿಯಾಗಿ, ವೈರು ಜಾರಿ ಸೈಲೆನ್ಸರ್ ಪೈಪಿನ ಮೇಲೆ ಬೀಳುತ್ತದೆ. ಎಂಜಿನ್ ಅಲುಗಾಡುವುದರಿಂದ ವೈರನ್ನು ತಂತಿಯಂತೆ ಎಳೆದು ಕಟ್ಟದೆ ಸ್ವಲ್ಪ ಸಡಿಲ ಬಿಡಿ.

3. ಮ್ಯಾನಿಫೋಲ್ಡ್ ಮೇಲಿನ ತಗಡಿನ ಹೊದಿಕೆ ಗಡಗಡ ಸದ್ದು ಮಾಡುತ್ತದೆಂದು ಕೆಲವರು ಕಿತ್ತಿಡುತ್ತಾರೆ. ಅದು ಹೀಟ್ ಶೀಲ್ಡ್. ಬೋಲ್ಟ್ ಬಿಗಿದು ಮತ್ತೆ ಹಾಕಿಸಿ.

4. ಬಿಸಿ ಜಾಗದಲ್ಲಿ ಸಿಲಿಕಾನ್ ಲೇಪದ ಫೈಬರ್‌ಗ್ಲಾಸ್ ಸ್ಲೀವ್ ಅಥವಾ ಅಲ್ಯೂಮಿನಿಯಂ ಹಾಳೆಯ ಸ್ಲೀವ್ ತೊಡಿಸಿ. ಅಂಗಡಿಯಲ್ಲಿ ‘ಹೀಟ್ ಸ್ಲೀವ್’ ಎಂದು ಕೇಳಿ. ಸಾಮಾನ್ಯ ಇನ್ಸುಲೇಷನ್ ಟೇಪ್ ಸುತ್ತಿದರೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಸ್ಲೀವ್ ಇದೆಯೆಂದು ವೈರನ್ನು ಮ್ಯಾನಿಫೋಲ್ಡಿಗೆ ತಾಗಿಸಬೇಡಿ. ಸ್ಲೀವ್ ಬಿಸಿಯನ್ನು ತಡಮಾಡುತ್ತದೆಯೇ ಹೊರತು ಪೂರ್ತಿ ನಿಲ್ಲಿಸುವುದಿಲ್ಲ.

5. ವೈರು ಬದಲಿಸುವುದಾದರೆ ಮೊದಲಿದ್ದಷ್ಟೇ ಅಥವಾ ಅದಕ್ಕಿಂತ ದಪ್ಪದ ವಾಹನದ ವೈರನ್ನೇ ಹಾಕಿಸಿ. ಒಂದೂವರೆ ಮೀಟರ್ ಉದ್ದದ ವೈರಿನಲ್ಲಿ 60 ಆಂಪಿಯರ್ ಹರಿದರೆ 6 ಚದರ ಮಿ.ಮೀ. ವೈರಿನಲ್ಲಿ ಕಾಲು ವೋಲ್ಟ್ ಹೋಗುತ್ತದೆ, 16 ಚದರ ಮಿ.ಮೀ. ವೈರಿನಲ್ಲಿ 0.1 ವೋಲ್ಟ್ ಮಾತ್ರ.

6. ಲಗ್ಗನ್ನು ಕ್ರಿಂಪಿಂಗ್ ಪ್ಲೈಯರ್‌ನಿಂದ ಒತ್ತಿಸಿ. ಬೋಲ್ಟಿನ ಮೇಲಿನ ರಬ್ಬರ್ ಟೋಪಿ ಕಳೆದುಹೋಗಿದ್ದರೆ ಹೊಸದು ಹಾಕಿಸಿ.

7. ದಾರಿಯಲ್ಲಿರುವ ದೊಡ್ಡ ಫ್ಯೂಸ್ ಸುಟ್ಟರೆ ಬರೀ ತಾಮ್ರದ ತಂತಿ ಸುತ್ತಬೇಡಿ. ಬೆಂಕಿ ತಡೆಯುವುದು ಆ ಫ್ಯೂಸೇ.

ವಾರಂಟಿ ಇರುವ ಕಾರಾದರೆ ಮೊದಲು ಸರ್ವೀಸ್ ಕೇಂದ್ರದಲ್ಲಿ ಕೇಳಿ. ಘಾಟಿ ಹತ್ತಿ ಮುಗಿದ ಕೂಡಲೇ ಎಂಜಿನ್ ಆರಿಸದೆ ಒಂದೆರಡು ನಿಮಿಷ ಹಾಗೇ ಓಡಲು ಬಿಡಿ.

ಬೇಸಿಗೆಗೆ ಮುಂಚೆ ಒಮ್ಮೆ, ದೂರದ ಪ್ರಯಾಣಕ್ಕೆ ಮುಂಚೆ ಒಮ್ಮೆ ಈ ಪರೀಕ್ಷೆ ಮಾಡಿಸಿ. ಸ್ಲೀವ್, ಕ್ಲಿಪ್, ಲಗ್ ಎಲ್ಲ ಸೇರಿದರೂ ಹೊಸ ಬ್ಯಾಟರಿಯ ಖರ್ಚಿಗೆ ಸಮವಾಗದು. ಮುಂದಿನ ಸಲ ಯಾರಾದರೂ ‘ಬ್ಯಾಟರಿ ಹೋಯಿತು’ ಎಂದರೆ, ಹಣ ಕೊಡುವ ಮೊದಲು ಆ ವೈರನ್ನು ಒಮ್ಮೆ ಅಳೆದು ತೋರಿಸಲು ಹೇಳಿ.